ಯಾವ ತರಕಾರಿ ಇಟ್ಟರೂ ಕಾರ್ಡ್ ಬಿಳಿಯಾಗಿಯೇ ಉಳಿಯುತ್ತಿದೆ

ಆಳಂದ_ಅಂಗಳ:
ತರಕಾರಿಯಲ್ಲಿ ಉಳಿದ ಕೀಟನಾಶಕ ಪತ್ತೆ ಮಾಡುವ ಕಿಣ್ವದ ಕಾರ್ಡ್ ತರಿಸಿದ್ದೆ. ತರಕಾರಿ ತೊಳೆದ ಬಫರ್ (ಆಮ್ಲ-ಕ್ಷಾರ ಮಟ್ಟ ಬದಲಾಗದಂತೆ ಹಿಡಿದಿಡುವ) ದ್ರಾವಣವನ್ನು ಬಿಳಿ ಪ್ಯಾಡಿಗೆ ಹಾಕಿ 10 ನಿಮಿಷ ಬಿಟ್ಟೆ. ಆಮೇಲೆ ಕಾರ್ಡ್ ಮಡಚಿ, ಕೆಂಪು ಪ್ಯಾಡ್ ಅದಕ್ಕೆ ತಾಗುವ ಹಾಗೆ 3 ನಿಮಿಷ ಒತ್ತಿ ಹಿಡಿದೆ. ನೀಲಿ ಬಂದರೆ ಚಿಂತೆಯಿಲ್ಲ, ಬಿಳಿ ಉಳಿದರೆ ಎಣ್ಣೆ ಹೊಡೆದದ್ದು ಉಳಿದಿದೆ ಅಂತ. ಬದನೆ, ಬೆಂಡೆ, ಈರುಳ್ಳಿ ಸೊಪ್ಪು, ಎಲ್ಲಾ ಬಿಳಿ! ಮಕ್ಕಳಿಗೆ ಇದನ್ನೇ ತಿನ್ನಿಸಿದ್ದೇನಲ್ಲ ಅಂತ ನಿನ್ನೆ ನಿದ್ದೆ ಬಂದಿಲ್ಲ. ತರಕಾರಿ ತರುವ ಅಜ್ಜಿಯನ್ನು ಕೇಳಿಬಿಡಲಾ?

ಬೀದರ್_ಬಫರ್:
ಅಕ್ಕಾ, ಅಜ್ಜಿಗೆ ಈಗಲೇ ಏನೂ ಅನ್ನಬೇಡಿ. ಮೊದಲು ಬರೀ ಬಫರ್ ಹಾಕಿ ನೋಡಿ, ತರಕಾರಿ ಬೇಡ. ಆಗಲೂ ಬಿಳಿಯೇ ಉಳಿದರೆ ಕಾರ್ಡೇ ಸತ್ತಿದೆ. ಬಿಳಿ ಪ್ಯಾಡಿನಲ್ಲಿರುವುದು ಕೋಲಿನೆಸ್ಟರೇಸ್ ಅನ್ನುವ ಕಿಣ್ವ. ಅದು ಕೆಂಪು ಪ್ಯಾಡಿನ ವಸ್ತುವನ್ನು ಒಡೆದರೆ ನೀಲಿ ಬರುತ್ತದೆ. ಕೀಟನಾಶಕ ಕಿಣ್ವವನ್ನು ತಡೆದರೂ ಬಿಳಿ, ಬಿಸಿಲಿಗೆ ಕಿಣ್ವ ಕೆಟ್ಟರೂ ಬಿಳಿ. ಪಾರ್ಸಲ್ ಯಾವಾಗ ಬಂತು?

ಆಳಂದ_ಅಂಗಳ:
ಮೇ ತಿಂಗಳಲ್ಲಿ ರೀ. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ. ಬಂದ ಮೇಲೂ ಅಡುಗೆಮನೆ ಶೆಲ್ಫಿನಲ್ಲೇ ಇತ್ತು. ಈಗ ಬರೀ ಬಫರ್ ಹಾಕಿದೆ. ಬಿಳಿ!

ಬೀದರ್_ಬಫರ್:
ಹಾಗಾದ್ರೆ ಹಳೆಯ ಫಲಿತಾಂಶ ಒಂದನ್ನೂ ನಂಬಬೇಡಿ. ಹೊಸ ಪ್ಯಾಕೆಟ್ ಬಂದ ಕೂಡಲೇ ಫ್ರಿಜ್‌ನಲ್ಲಿಡಿ. ಬಳಸುವಾಗ ಮಾತ್ರ ಹೊರಗೆ ತೆಗೆದು, 37 ಡಿಗ್ರಿ ಹತ್ತಿರ ಪರೀಕ್ಷೆ ಮಾಡಿ. ಪ್ರತಿ ಸಲವೂ ಪಕ್ಕದಲ್ಲಿ ಬರೀ ಬಫರಿನ ಕಾರ್ಡ್ ಒಂದು ಇರಲೇಬೇಕು. ಕಾರ್ಡ್ ಉಳಿಸಲು ಹೋಗಿ ಅದನ್ನು ಬಿಡಬೇಡಿ.

ಆಳಂದ_ಅಂಗಳ:
ಹೊಸದು ಬಂತು. ಬಫರ್ ನೀಲಿ, ಬದನೆ ನೀಲಿ, ಬೆಂಡೆ ನೀಲಿ. ಜೀವ ಬಂದ ಹಾಗಾಯ್ತು. ಈರುಳ್ಳಿ ಸೊಪ್ಪು ಮಾತ್ರ ಇನ್ನೂ ಬಿಳಿ.

ಯಾದಗಿರಿ_ತೊಗರಿ:
ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ ಈ ಕಾರ್ಡಿಗೆ ಆಗಿಬರುವುದಿಲ್ಲ. ಅವುಗಳ ರಸವೇ ಕಿಣ್ವಕ್ಕೆ ಅಡ್ಡಿ ಮಾಡುತ್ತದೆ. ಹೆಚ್ಚದೆ ಇಡಿಯಾಗಿ ಅದ್ದಿ ತೆಗೆದರೆ ರಸ ಕಡಿಮೆ ಬಿಡುತ್ತದೆ, ಹಾಗೆ ಒಮ್ಮೆ ನೋಡಿ.

ಇನ್ನೊಂದು ಮಾತು. ನೀಲಿ ಬಂದರೆ ಎಣ್ಣೆಯೇ ಹೊಡೆದಿಲ್ಲ ಅಂತ ಅಲ್ಲ. ಈ ಕಾರ್ಡ್ ಹಿಡಿಯುವುದು ಪ್ರೊಫೆನೋಫಾಸ್‌ನಂಥ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳನ್ನು ಮಾತ್ರ. ನಾವು ತೊಗರಿ ಕಾಯಿಕೊರಕಕ್ಕೆ ಹೊಡೆಯುವ ಎಮಾಮೆಕ್ಟಿನ್ ಆಗಲಿ, ಕ್ಲೋರಾಂಟ್ರಾನಿಲಿಪ್ರೋಲ್ ಆಗಲಿ ಇದಕ್ಕೆ ಕಾಣುವುದೇ ಇಲ್ಲ. ಕ್ಲೋರ್‌ಪೈರಿಫಾಸ್ ಆರ್ಗನೋಫಾಸ್ಫೇಟೇ ಆದರೂ ಇದ್ದ ರೂಪದಲ್ಲಿ ಕಿಣ್ವವನ್ನು ಸರಿಯಾಗಿ ತಡೆಯದು, ಆಕ್ಸಿಡೀಕರಣವಾದ ಮೇಲೇ ಅದರ ಜೋರು. ಬಫರ್ ಕಾರ್ಡ್ ನೀಲಿಯಿದ್ದೂ ಬದನೆ ಎರಡು ಸಲ ಬಿಳಿ ಬಂದರೆ, ಅದೇ ಬದನೆಯನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಅಜ್ಜಿ ಹತ್ತಿರ ಮಾತಾಡುವುದು ಆ ವರದಿ ಬಂದ ಮೇಲೆ.

ಆಳಂದ_ಅಂಗಳ:
ಸರಿ ಅಣ್ಣಾ. ಇವತ್ತು ಅಜ್ಜಿ ಹತ್ತಿರ ಬದನೆ ತಗೊಂಡೆ, ಎರಡು ಕೆಜಿ.