ಮರು: ‘ಸಣ್ಣ ಕಾರು ತಯಾರಕರಿಗೆ ವಿನಾಯಿತಿ’ – ಈ ಶೀರ್ಷಿಕೆ ಸರಿಯೇ?

ಮಾನ್ಯರೇ,

ಅಮೆರಿಕದ ಇಂಧನ ಮಿತವ್ಯಯ ನಿಯಮಗಳನ್ನು, ಅಂದರೆ ಒಂದು ಗ್ಯಾಲನ್ ಇಂಧನಕ್ಕೆ ಕಾರು ಎಷ್ಟು ಮೈಲಿ ಓಡಬೇಕೆಂಬ ಮಾನದಂಡಗಳನ್ನು, ಕುರಿತ ಅನುವಾದವು ಇಂದೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿದ್ದೀರಿ. ಆದ್ದರಿಂದ ಮೊದಲು ಉತ್ತರವನ್ನೇ ಹೇಳುತ್ತೇನೆ. ‘ಸಣ್ಣ ಕಾರು ತಯಾರಕರಿಗೆ ವಿನಾಯಿತಿ’ ಎಂಬುದನ್ನು ಕೈಬಿಟ್ಟು, ‘ಕಡಿಮೆ ಸಂಖ್ಯೆಯಲ್ಲಿ ಕಾರು ತಯಾರಿಸುವ ಕಂಪನಿಗಳಿಗೆ ಪ್ರತ್ಯೇಕ ಮಾನದಂಡ’ ಎಂದು ಬರೆಯಿರಿ. ಉದ್ದವಾಯಿತೆಂಬ ಆಕ್ಷೇಪ ಬರಬಹುದು, ಬರಲಿ.

ತಮ್ಮ ಶೀರ್ಷಿಕೆಯಲ್ಲಿ ‘ಸಣ್ಣ’ ಎಂಬ ವಿಶೇಷಣವು ಪಕ್ಕದ ‘ಕಾರಿ’ಗೆ ಅಂಟಿಕೊಳ್ಳುತ್ತದೆ, ಓದುಗರು ಅದನ್ನು ಸಣ್ಣ ಕಾರುಗಳನ್ನು ತಯಾರಿಸುವವರೆಂದೇ ಓದುತ್ತಾರೆ. ಆದರೆ 1975ರ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ಕಾರಿನ ಗಾತ್ರಕ್ಕೆ ಮಹತ್ವವಿಲ್ಲ. ಅಮೆರಿಕದ ಒಳಗಾಗಲಿ ಹೊರಗಾಗಲಿ, ಒಟ್ಟು ವರ್ಷಕ್ಕೆ 10,000ಕ್ಕಿಂತ ಕಡಿಮೆ ಪ್ರಯಾಣಿಕ ಕಾರುಗಳನ್ನು ತಯಾರಿಸುವ ಕಂಪನಿಯು ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತಕ್ಕೆ ಪ್ರತ್ಯೇಕ ಮಾನದಂಡ ಕೋರಿ ಅರ್ಜಿ ಸಲ್ಲಿಸಬಹುದು. ಹೀಗೆ ಅನುಮತಿ ಪಡೆದವರ ಪಟ್ಟಿಯಲ್ಲಿ ರೋಲ್ಸ್-ರಾಯ್ಸ್, ಆಸ್ಟನ್ ಮಾರ್ಟಿನ್, ಲ್ಯಾಂಬೊರ್ಗಿನಿ ಇದ್ದವು. ರೋಲ್ಸ್-ರಾಯ್ಸ್ ಕಾರನ್ನು ಸಣ್ಣದೆಂದು ಯಾರೂ ಕರೆಯಲಾರರು. ‘ಸಣ್ಣ ತಯಾರಕರು’ ಎಂದರೂ ಪೂರ್ತಿ ಸರಿಹೋಗುವುದಿಲ್ಲ, ಏಕೆಂದರೆ ಒಂದೇ ಒಡೆತನದ ಹಿಡಿತದಲ್ಲಿರುವ ಎಲ್ಲ ಕಂಪನಿಗಳ ಕಾರುಗಳನ್ನೂ ಒಟ್ಟಿಗೆ ಎಣಿಸಲಾಗುತ್ತದೆ; ದೊಡ್ಡ ಸಂಸ್ಥೆಯೊಂದು ಕೊಂಡ ಪುಟ್ಟ ಕಂಪನಿಗೆ ಈ ಅವಕಾಶ ದಕ್ಕುವುದಿಲ್ಲ.

‘ವಿನಾಯಿತಿ’ಯ ಬಗ್ಗೆ ನನ್ನ ತಕರಾರು ಇನ್ನೂ ಗಂಭೀರವಾದುದು. ಮೂಲ ಕಾನೂನು ಅದೇ ಅರ್ಥದ ಪದವನ್ನು ಬಳಸಿದೆ, ನಿಜ. ಆದರೆ ಅಲ್ಲಿ ಕಂಪನಿಯು ಸಾಮಾನ್ಯ ಮಾನದಂಡದಿಂದ ಹೊರಬಂದ ಕೂಡಲೇ, ಅದರ ಶಕ್ತಿಗೆ ಸಾಧ್ಯವಾಗುವ ಗರಿಷ್ಠ ಮಟ್ಟವನ್ನು ಪರಿಶೀಲಿಸಿ ಬೇರೊಂದು ಮಾನದಂಡವನ್ನು ಗೊತ್ತುಪಡಿಸಲಾಗುತ್ತದೆ. ‘ವಿನಾಯಿತಿ’ ಎಂದಷ್ಟೇ ಬರೆದರೆ ಹೊಣೆಯೇ ಇಲ್ಲವೆಂಬ ಅರ್ಥ ಬರುತ್ತದೆ. ಆ ಪದಕ್ಕೆ ಸರಿಯಾದ ಜಾಗ ಬೇಕಿದ್ದರೆ ಐರೋಪ್ಯ ಒಕ್ಕೂಟದ ಇಂಗಾಲದ ಡೈಆಕ್ಸೈಡ್ ನಿಯಮವನ್ನು ನೋಡಬಹುದು: ವರ್ಷಕ್ಕೆ 1,000ಕ್ಕಿಂತ ಕಡಿಮೆ ಹೊಸ ಕಾರುಗಳು ನೋಂದಣಿಯಾಗುವ ತಯಾರಕರಿಗೆ ಅಲ್ಲಿ ಗುರಿಯೇ ಅನ್ವಯಿಸುವುದಿಲ್ಲ. ನಿನ್ನೆ ಒಬ್ಬರು ಸೂಚಿಸಿದ ‘ರಿಯಾಯಿತಿ’ ಸಲ್ಲದು. ಅದು ದರ ಕಡಿತದ ಮಾತು. ಅದು ಅರಬ್ಬಿಯಿಂದ ಬಂದದ್ದೆಂಬ ಕಾರಣಕ್ಕೆ ನಾನು ಬೇಡವೆನ್ನುತ್ತಿಲ್ಲ.

ಇಲ್ಲಿಂದ, ‘ಇಂಧನ ಮಿತವ್ಯಯ’ದ ಬದಲು ‘ಉರುವಲುಳಿತಾಯ’ ಎನ್ನಬೇಕೆಂಬ ಪ್ರಸ್ತಾಪಕ್ಕೆ ಬರುತ್ತೇನೆ. ‘ಇಂಧನ’ವು ಸಂಸ್ಕೃತದ್ದು, ಆದ್ದರಿಂದ ಅಚ್ಚಗನ್ನಡದ ‘ಉರುವಲು’ ಬರಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ‘ಇಂಧ್’ ಎಂದರೆ ಹೊತ್ತಿಸು, ‘ಉರಿ’ ಎಂದರೆ ಹೊತ್ತಿ ಬೆಳಗು. ಎರಡು ಪದಗಳೂ ಮೊದಲು ಸೌದೆಯನ್ನೇ ಸೂಚಿಸುತ್ತಿದ್ದವು. ಕನ್ನಡಿಗರ ಬಳಕೆಯಲ್ಲಿ ‘ಇಂಧನ’ವು ಪೆಟ್ರೋಲು, ಡೀಸೆಲ್, ಅನಿಲಗಳವರೆಗೂ ಹಿಗ್ಗಿತು, ‘ಉರುವಲು’ ಸೌದೆಯ ಹತ್ತಿರವೇ ಉಳಿಯಿತು. ಬೇರು ಯಾವ ನುಡಿಯದೆಂಬುದು ಈ ವ್ಯತ್ಯಾಸವನ್ನು ಅಳಿಸಲಾರದು. ‘ಕಾರು’, ‘ಕಂಪನಿ’ಗಳನ್ನು ಮರುಮಾತಿಲ್ಲದೆ ಒಪ್ಪಿದವರು ‘ಇಂಧನ’ವೊಂದನ್ನೇ ತಡೆದು ನಿಲ್ಲಿಸುವುದು ನಿಯಮವಲ್ಲ, ಹಟ.

‘ಮಿತವ್ಯಯ’ದ ಜಾಗದಲ್ಲಿ ‘ದಕ್ಷತೆ’ ಮಾತ್ರ ಬೇಡ. ಎಂಜಿನ್ ಬಹಳ ದಕ್ಷವಾಗಿದ್ದರೂ ಕಾರು ಭಾರವಾಗಿದ್ದರೆ ಒಂದು ಗ್ಯಾಲನ್‌ಗೆ ಅದು ಓಡುವ ಮೈಲಿಗಳು ಕಡಿಮೆಯಾಗುತ್ತವೆ, ಮತ್ತು ಈ ಕಾನೂನು ಅಳೆಯುವುದು ಆ ಮೈಲಿಗಳನ್ನೇ. ‘ಮಿತವ್ಯಯ’ವು ವ್ಯಕ್ತಿಯ ಗುಣವನ್ನು ಹೇಳುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ, ಆದರೂ ‘ಇಂಧನ’ ಮುಂದಿರುವಾಗ ಗೊಂದಲವಾಗದು. ಆಡುಮಾತಿನ ‘ಮೈಲೇಜ್’ ವಿವರಣೆಯೊಳಗೆ ಬರಬಹುದು, ಶೀರ್ಷಿಕೆಗೆ ಬೇಡ.

ಈ ವ್ಯವಸ್ಥೆಯ ಇಂಗ್ಲಿಷ್ ಹೆಸರಾದ ‘ಕಾರ್ಪೊರೇಟ್ ಆ್ಯವರೇಜ್ ಫ್ಯುಯೆಲ್ ಎಕಾನಮಿ’ಯಲ್ಲಿರುವ ‘ಸರಾಸರಿ’ಯನ್ನು ತಾವು ಬಿಟ್ಟಿದ್ದೀರಿ. ಅದನ್ನು ಸೇರಿಸಲೇಬೇಕು, ಏಕೆಂದರೆ ಮಾನದಂಡವು ಒಂದೊಂದು ಕಾರಿಗಲ್ಲ, ಕಂಪನಿಯೊಂದರ ಆ ವರ್ಷದ ಕಾರುಗಳೆಲ್ಲದರ ಸರಾಸರಿಗೆ ಅನ್ವಯಿಸುತ್ತದೆ. ‘ಕಂಪನಿವಾರು ಸರಾಸರಿ ಇಂಧನ ಮಿತವ್ಯಯ’ ಎಂದರೆ ಸಾಕು.