ಓಪನ್ ಆಕ್ಸೆಸ್ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲು ಹಣ ಕೊಡಲೇಬೇಕೆ?

ಪ್ರಶ್ನೆ: ಅರ್ಥಶಾಸ್ತ್ರ ಉಪನ್ಯಾಸಕಿ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿಯ ಖಾಸಗಿ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಬ್ಯಾಡಗಿ ಮಾರುಕಟ್ಟೆಯ ಒಣ ಮೆಣಸಿನಕಾಯಿ ವಹಿವಾಟಿನ ಮೇಲೆ, ಅದರಲ್ಲೂ ರೈತರು ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಲು ಇರಿಸಿ ದರಕ್ಕಾಗಿ ಕಾಯುವುದರಿಂದ ಆಗುವ ಲಾಭ-ನಷ್ಟದ ಮೇಲೆ ಪಿಎಚ್‌.ಡಿ. ಅಧ್ಯಯನ ಮಾಡುತ್ತಿದ್ದೇನೆ. ಮೊದಲ ಲೇಖನ ಸಿದ್ಧವಾಗಿದೆ. ಡಬ್ಬಿ ಮತ್ತು ಕಡ್ಡಿ ತಳಿಗಳ ಟೆಂಡರ್ ದರಗಳನ್ನು ತಾಳ್ಮೆಯಿಂದ ಬಿಡಿಸಿ ಹೇಳಿದ ದಲಾಲರು, ತಮ್ಮ ಖರ್ಚಿನ ಲೆಕ್ಕದ ವಹಿಯನ್ನೇ ನನ್ನ ಮುಂದಿಟ್ಟ ರೈತರು, ಎಪಿಎಂಸಿಯ ಸಿಬ್ಬಂದಿ ಇವರೆಲ್ಲರೂ ಬೇಕೆಂದಾಗ ಹಣ ಕೊಡದೆ ತೆರೆದು ಓದಬಹುದಾದ, ಅಂದರೆ ಓಪನ್ ಆಕ್ಸೆಸ್ ಜರ್ನಲ್‌ನಲ್ಲಿ ಅದು ಪ್ರಕಟವಾಗಲಿ ಎಂಬುದು ನನ್ನ ಆಸೆ.

ಆದರೆ ವಿಚಾರಿಸಿ ನೋಡಿದಾಗ ಎರಡು ತುದಿಗಳಷ್ಟೇ ಕಾಣುತ್ತಿವೆ. ಹೆಸರುವಾಸಿ ವಿದೇಶಿ ಪ್ರಕಾಶಕರ ಜರ್ನಲ್‌ಗಳು ಲೇಖಕರಿಂದ ಕೇಳುವ ಶುಲ್ಕ ಲಕ್ಷಗಳಲ್ಲಿದೆ. ಇನ್ನೊಂದೆಡೆ, ವಾರದೊಳಗೆ ಪ್ರಕಟಣೆ, ಕೆಲವೇ ಸಾವಿರ ರೂಪಾಯಿ ಶುಲ್ಕ, ಜೊತೆಗೆ ಬಣ್ಣದ ಪ್ರಮಾಣಪತ್ರ ಎಂದು ಆಹ್ವಾನಿಸುವ ಇ-ಮೇಲ್‌ಗಳು ಬರುತ್ತಲೇ ಇವೆ. ಅವುಗಳಲ್ಲೊಂದು ದಂತವೈದ್ಯ ವಿಜ್ಞಾನಕ್ಕೆ ನಾನು ಸಲ್ಲಿಸಿದ ಸೇವೆಯನ್ನು ಕೊಂಡಾಡಿತ್ತು. ನನ್ನ ಮಾರ್ಗದರ್ಶಕರು, ಓಪನ್ ಆಕ್ಸೆಸ್ ಎಂದರೆ ದುಡ್ಡು ಕೊಟ್ಟು ಅಚ್ಚು ಹಾಕಿಸುವುದು, ಅದರ ಗೊಡವೆಯೇ ಬೇಡ ಎನ್ನುತ್ತಾರೆ. ಇದು ನಿಜವೆ? ಹಣ ಕೊಡದೆ ಲೇಖನವನ್ನು ಎಲ್ಲರಿಗೂ ತೆರೆದಿಡುವ ದಾರಿ ಇದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಗ್ರಂಥಪಾಲಕ, ಧಾರವಾಡ

ಮೇಡಂ ಅವರಿಗೆ ನಮಸ್ಕಾರ. ಜರ್ನಲ್‌ಗಳ ಚಂದಾ ಬಿಲ್ಲುಗಳನ್ನು ನೋಡುತ್ತಲೇ ಸೇವಾವಧಿ ಕಳೆದವನಾದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಬೇಸರಿಸಬಾರದು.

ತಮ್ಮ ಮಾರ್ಗದರ್ಶಕರ ಎಚ್ಚರಿಕೆಗೆ ಕಾರಣವಿಲ್ಲದೆ ಇಲ್ಲ, ಆದರೆ ಅದರಲ್ಲಿ ಎರಡು ಬೇರೆ ಸಂಗತಿಗಳು ಕಲಸಿಕೊಂಡಿವೆ. ಓದುವವರು ಹಣ ಕೊಡಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ; ಪ್ರಕಟಣೆಯ ಖರ್ಚನ್ನು ಯಾರು ಹೊರಬೇಕು ಎಂಬುದು ಮತ್ತೊಂದು. ಬರೆದವರೇ ಶುಲ್ಕ ಕಟ್ಟಬೇಕೆಂಬುದು ಓಪನ್ ಆಕ್ಸೆಸ್‌ನ ನಿಯಮವಲ್ಲ. ಖರ್ಚು ತೂಗಿಸುವ ಹಲವು ದಾರಿಗಳಲ್ಲಿ ಅದೂ ಒಂದು, ವ್ಯಾಪಾರಿ ಪ್ರಕಾಶಕರಿಗೆ ಬಹಳ ಹಿಡಿಸಿದ ದಾರಿ ಅಷ್ಟೆ. 2002ರ ಫೆಬ್ರವರಿಯಲ್ಲಿ ಹೊರಬಂದ, ಓಪನ್ ಆಕ್ಸೆಸ್ ಕುರಿತ ಬುಡಾಪೆಸ್ಟ್ ಘೋಷಣೆಯು ಎರಡು ಮಾರ್ಗಗಳನ್ನು ಸೂಚಿಸಿತ್ತು: ಲೇಖಕರು ತಮ್ಮ ಲೇಖನದ ಪ್ರತಿಯನ್ನು ತಾವೇ ಒಂದು ಸಾರ್ವಜನಿಕ ರೆಪಾಸಿಟರಿಯಲ್ಲಿ (ಲೇಖನಗಳನ್ನು ಕೂಡಿಡುವ ಅಂತರ್ಜಾಲ ತಾಣದಲ್ಲಿ) ಇರಿಸುವುದು ಮೊದಲನೆಯದು, ಓದುಗರಿಂದ ಏನನ್ನೂ ಪಡೆಯದ ಜರ್ನಲ್‌ಗಳನ್ನು ಕಟ್ಟುವುದು ಎರಡನೆಯದು. ಮೊದಲ ಮಾರ್ಗವನ್ನು ಭೌತವಿಜ್ಞಾನಿಗಳು ಆಗಲೇ ತುಳಿದಿದ್ದರು; 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ, ಈಗ ಆರ್ಕೈವ್ ಎಂದು ಹೆಸರಾಗಿರುವ ತಾಣದಲ್ಲಿ ಅವರು ಜರ್ನಲ್‌ಗೆ ಕಳುಹಿಸುವ ಮೊದಲೇ ಲೇಖನಗಳನ್ನು ಹಂಚಿಕೊಳ್ಳುತ್ತಿದ್ದರು.

ಇದೆಲ್ಲ ಹುಟ್ಟಿದ್ದು ಗ್ರಂಥಾಲಯಗಳ ಸಂಕಟದಿಂದ. ಸಂಶೋಧಕರು ಸಂಭಾವನೆ ಇಲ್ಲದೆ ಬರೆದುಕೊಡುತ್ತಾರೆ, ಬೇರೆ ಸಂಶೋಧಕರು ಸಂಭಾವನೆ ಇಲ್ಲದೆ ಪರಿಶೀಲಿಸಿಕೊಡುತ್ತಾರೆ, ಅವರಿಬ್ಬರಿಗೂ ಸಂಬಳ ಕೊಡುವ ವಿಶ್ವವಿದ್ಯಾಲಯವು ಕೊನೆಗೆ ಅದೇ ಲೇಖನವನ್ನು ಡಾಲರ್ ಲೆಕ್ಕದಲ್ಲಿ ಕೊಂಡು ತರಬೇಕಾಗುತ್ತದೆ. ರೂಪಾಯಿ ಇಳಿದ ವರ್ಷ ಯಾವ ಜರ್ನಲ್‌ಗಳನ್ನು ಕೈಬಿಡಬೇಕೆಂಬ ಪಟ್ಟಿ ಹಿಡಿದು ವಿಭಾಗದಿಂದ ವಿಭಾಗಕ್ಕೆ ಅಲೆಯುವುದು ನಮ್ಮಂಥವರ ಪಾಡಾಗಿತ್ತು. ಪ್ರತಿ ವಿಭಾಗದ ಮುಖ್ಯಸ್ಥರೂ ಪಕ್ಕದ ವಿಭಾಗದ ಜರ್ನಲ್‌ಗಳತ್ತ ಬೆರಳು ತೋರುತ್ತಿದ್ದರೆಂಬುದನ್ನು ಬೇರೆ ಹೇಳಬೇಕಿಲ್ಲ.

2000ದ ನಂತರ ಬಯೋಮೆಡ್ ಸೆಂಟ್ರಲ್, ಪಿಎಲ್‌ಒಎಸ್ ಮೊದಲಾದ ಪ್ರಕಾಶನ ಸಂಸ್ಥೆಗಳು ಚಂದಾ ಬದಲು ಲೇಖಕರ ಕಡೆಯಿಂದ ಶುಲ್ಕ ಪಡೆಯುವ ಪದ್ಧತಿಯನ್ನು ಬಳಕೆಗೆ ತಂದವು. ಅನುದಾನದ ಹಣದಲ್ಲೇ ಆ ಶುಲ್ಕ ತುಂಬುವ ಅಮೆರಿಕ-ಯುರೋಪಿನ ವೈದ್ಯವಿಜ್ಞಾನಿಗಳಿಗೆ ಅದು ಭಾರವೆನಿಸಲಿಲ್ಲ. ದೊಡ್ಡ ಪ್ರಕಾಶಕರು ಅದನ್ನೇ ಹಿಡಿದುಕೊಂಡರು. 2020ರಲ್ಲಿ ನೇಚರ್ ಪತ್ರಿಕೆ ಘೋಷಿಸಿದ ಓಪನ್ ಆಕ್ಸೆಸ್ ಶುಲ್ಕ ಒಂದು ಲೇಖನಕ್ಕೆ 9,500 ಯೂರೋ. ಬಡ ದೇಶಗಳ ಲೇಖಕರಿಗೆ ಅನೇಕ ಪ್ರಕಾಶಕರು ಶುಲ್ಕ ಮನ್ನಾ ಮಾಡುತ್ತಾರಾದರೂ, ದೇಶದ ಒಟ್ಟು ಆರ್ಥಿಕತೆಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಭಾರತಕ್ಕೆ ಸಾಮಾನ್ಯವಾಗಿ ಆ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ದೇಶದ ಆರ್ಥಿಕತೆ ದೊಡ್ಡದೆಂದ ಮಾತ್ರಕ್ಕೆ ಹಾವೇರಿಯ ಉಪನ್ಯಾಸಕರ ಕೈಯಲ್ಲಿ ಹಣವಿರುತ್ತದೆಂದು ತಿಳಿದವರು ಈ ನಿಯಮ ಮಾಡಿದ್ದಾರೆ.

ಹಣವಿದ್ದಲ್ಲಿ ಕಳ್ಳರು ಸೇರುವುದು ಸಹಜ, ಬೋಗಸ್ ಜರ್ನಲ್‌ಗಳು ಹುಟ್ಟಿದ್ದು ಹೀಗೆ. ಅವು ನಮ್ಮಲ್ಲಿ ಇಷ್ಟು ಬೆಳೆಯಲು ಲೇಖನಗಳ ಸಂಖ್ಯೆಗೆ ಅಂಕ ಕೊಡುವ ನೇಮಕಾತಿ ಮತ್ತು ಬಡ್ತಿಯ ನಿಯಮಗಳೂ ಕಾರಣ. ಯುಜಿಸಿ 2018ರಲ್ಲಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಬೇಕಾಯಿತು. ಆಮೇಲೆ ತಂದ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟು, ಗುಣಮಟ್ಟ ನಿರ್ಣಯಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿದೆ. ಆದ್ದರಿಂದ ಯಾವ ಜರ್ನಲ್‌ಗೇ ಕಳುಹಿಸುವುದಿದ್ದರೂ ತಮ್ಮ ವಿಶ್ವವಿದ್ಯಾಲಯ ಈಗ ಏನನ್ನು ಒಪ್ಪುತ್ತದೆ ಎಂಬುದನ್ನು ಪಿಎಚ್‌.ಡಿ. ವಿಭಾಗದಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂಬುದು ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಅದು ನೋಂದಣಿ ಸಂಖ್ಯೆ ಮಾತ್ರ.

ಜರ್ನಲ್ ಹುಡುಕಲು ಡಿಒಎಜೆ ಎಂಬ ಸೂಚಿಯನ್ನು ನೋಡಿ. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಅದರಲ್ಲಿ ಈಗ 20,000ಕ್ಕೂ ಹೆಚ್ಚು ಓಪನ್ ಆಕ್ಸೆಸ್ ಜರ್ನಲ್‌ಗಳಿವೆ, ಮತ್ತು ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲೇಖಕರಿಂದ ಬಿಡಿಗಾಸೂ ಪಡೆಯುವುದಿಲ್ಲ. 2016ರಲ್ಲಿ ಎಲ್ಲ ಜರ್ನಲ್‌ಗಳೂ ಮತ್ತೆ ಅರ್ಜಿ ಹಾಕಬೇಕೆಂದು ಹೇಳಿ, ಹಾಕದ 3,000ಕ್ಕೂ ಹೆಚ್ಚಿನವನ್ನು ಕೈಬಿಟ್ಟ ಸೂಚಿ ಅದು. ಶುಲ್ಕವಿಲ್ಲದವನ್ನು ಮಾತ್ರ ತೋರಿಸು ಎಂದು ಅಲ್ಲಿಯೇ ಆಯ್ದುಕೊಳ್ಳಬಹುದು. ನಮ್ಮ ದೇಶದಲ್ಲಿ ಈ ಪದ್ಧತಿ ಹೊಸದೇನಲ್ಲ; ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯನ್ನು ಬಹಳ ಕಾಲದಿಂದ ಯಾರು ಬೇಕಾದರೂ ಅದರ ತಾಣದಲ್ಲಿ ಓದಬಹುದಾಗಿದೆ.

ಇನ್ನು ತಮಗೆ ಹೆಚ್ಚು ಉಪಯೋಗಕ್ಕೆ ಬರುವ ಮಾತು. ಲೇಖನ ಚಂದಾ ಜರ್ನಲ್‌ನಲ್ಲೇ ಪ್ರಕಟವಾದರೂ, ಪರಿಶೀಲನೆ ಮುಗಿದು ಸಂಪಾದಕರು ಒಪ್ಪಿದ ಕೊನೆಯ ವರ್ಡ್ ಪ್ರತಿಯನ್ನು, ಅಂದರೆ ಪ್ರಕಾಶಕರು ಪುಟ ಕಟ್ಟುವುದಕ್ಕಿಂತ ಮುಂಚಿನ ಪ್ರತಿಯನ್ನು, ರೆಪಾಸಿಟರಿಯಲ್ಲಿ ಇಡಲು ಬಹುತೇಕ ದೊಡ್ಡ ಪ್ರಕಾಶಕರು ಅವಕಾಶ ಕೊಡುತ್ತಾರೆ. ಕೆಲವರು ತಕ್ಷಣ, ಹಲವರು 12 ಅಥವಾ 24 ತಿಂಗಳ ಬಳಿಕ. ಯಾವ ಜರ್ನಲ್‌ನ ನಿಯಮ ಏನೆಂಬುದನ್ನು ಶೆರ್ಪಾ ರೋಮಿಯೊ ಎಂಬ ಹೆಸರಿನಿಂದ ಪರಿಚಿತವಾದ ಬ್ರಿಟನ್ನಿನ ತಾಣದಲ್ಲಿ ನೋಡಬಹುದು. ತಮ್ಮ ವಿಷಯಕ್ಕಂತೂ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ ನಡೆಸುವ ಅಗ್‌ಇಕಾನ್ ಸರ್ಚ್ ಎಂಬ ಕೃಷಿ ಅರ್ಥಶಾಸ್ತ್ರದ್ದೇ ರೆಪಾಸಿಟರಿ ಇದೆ. ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಇಕನಾಮಿಕ್ಸ್‌ನ ಹಳೆಯ ಸಂಚಿಕೆಗಳೂ ಅಲ್ಲಿ ಸಿಗುತ್ತವೆ. ಇದಕ್ಕೆ ಖರ್ಚೇನೂ ಇಲ್ಲ. ಇಷ್ಟು ಸುಲಭವಿದ್ದರೂ ನಮ್ಮ ಕಡೆಯ ಸಂಶೋಧಕರು ಹೀಗೆ ಇಡುವುದು ಅಪರೂಪ, ಏಕೆಂದರೆ ಹಾಗೆ ಇಟ್ಟುದಕ್ಕೆ ಬಡ್ತಿಯ ಅರ್ಜಿಯಲ್ಲಿ ಅಂಕವಿಲ್ಲ.

ಉತ್ತರ: ಎಂಜಿನಿಯರಿಂಗ್ ಕಾಲೇಜು ಅಧ್ಯಾಪಕ, ಹುಬ್ಬಳ್ಳಿ

ಗ್ರಂಥಪಾಲಕರ ಮಾತನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ಒಪ್ಪಿದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300 ಸರ್ಕಾರಿ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ಯುಜಿಸಿಯ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಮೂಲಕ ದೊರೆಯುತ್ತಿವೆ. ಮೊದಲು ಐಐಟಿಯ ಸ್ನೇಹಿತರಿಗೆ ಫೋನ್ ಮಾಡಿ ಲೇಖನ ತರಿಸಿಕೊಳ್ಳುತ್ತಿದ್ದ ಸರ್ಕಾರಿ ಕಾಲೇಜಿನ ಅಧ್ಯಾಪಕರು ಈಗ ತಮ್ಮ ಕೋಣೆಯಲ್ಲೇ ಕುಳಿತು ಓದುವಂತಾಗಿರುವುದು ಸಣ್ಣ ಸಂಗತಿಯಲ್ಲ. ಹೀಗಿರುವಾಗ ರೆಪಾಸಿಟರಿಯ ತೊಡಕುಗಳಿಗೆ ಕೈಹಾಕುವ ಅಗತ್ಯ ಮೊದಲಿನಷ್ಟು ಉಳಿದಿಲ್ಲವೆಂದು ನನಗನಿಸುತ್ತದೆ. ಮೇಡಂ ಅವರು ಒಳ್ಳೆಯ ಚಂದಾ ಜರ್ನಲ್‌ಗೆ ಕಳುಹಿಸಲಿ. ದೇಶದ ಸಂಶೋಧಕರು ಹೇಗೂ ಓದುತ್ತಾರೆ.

ಉತ್ತರ: ನಿವೃತ್ತ ಗ್ರಂಥಪಾಲಕ, ಧಾರವಾಡ

ಸರ್, ಆ ಯೋಜನೆಯಿಂದಾದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಬಾಗಿಲು ತೆರೆದದ್ದಲ್ಲ, ಒಳಗೆ ಹೋಗಲು ಕೆಲವರಿಗೆ ಪಾಸು ಕೊಡಿಸಿದ್ದು. ಒಪ್ಪಂದ ಮುಗಿದ ಮೇಲೆ ಮತ್ತೆ ಚೌಕಾಸಿಗೆ ಕೂರಬೇಕು, ಆಗ ಬೆಲೆ ಹೇಳುವವರು ಪ್ರಕಾಶಕರೇ. ಪ್ರಶ್ನೆ ಕೇಳಿದ ಮೇಡಂ ಅವರನ್ನೇ ನೋಡಿ: ಖಾಸಗಿ ಕಾಲೇಜಿನ ಅಧ್ಯಾಪಕಿಯಾಗಿ ಅವರು ಈ ಯೋಜನೆಯ ಹೊರಗಿದ್ದಾರೆ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ನೋಂದಾಯಿಸಿದ್ದರೆ ಮಾತ್ರ ಆ ಲೆಕ್ಕದಲ್ಲಿ ಒಳಗೆ ಬರುತ್ತಾರೆ, ಪದವಿ ಪಡೆದ ಮೇಲೆ ಮತ್ತೆ ಹೊರಗೆ. ಬ್ಯಾಡಗಿಯ ದಲಾಲರು, ರೈತ ಸಂಘದವರು, ಹುಬ್ಬಳ್ಳಿಯ ಪತ್ರಕರ್ತರಂತೂ ಎಲ್ಲಿಯೂ ಇಲ್ಲ. 2020ರ ಡಿಸೆಂಬರ್‌ನಲ್ಲಿ ಹೊರಬಂದ ವಿಜ್ಞಾನ ನೀತಿಯ ಕರಡಿನಲ್ಲಿ ದೇಶದ ಪ್ರತಿಯೊಬ್ಬರಿಗೂ ಓದುವ ಅವಕಾಶ ಕೊಡಿಸುವ ಮಾತಿತ್ತು. ಜಾರಿಗೆ ಬರುವ ಹೊತ್ತಿಗೆ ಅದು ಸಂಸ್ಥೆಗಳಿಗೆ ಸೀಮಿತವಾಯಿತು. ಯುರೋಪಿನ ಅನುದಾನ ಸಂಸ್ಥೆಗಳು ತಮ್ಮ ಹಣದಿಂದ ನಡೆದ ಸಂಶೋಧನೆ ಪ್ರಕಟವಾದ ಕೂಡಲೇ ಎಲ್ಲರಿಗೂ ಸಿಗಬೇಕೆಂದು 2018ರಲ್ಲಿ ಪ್ಲ್ಯಾನ್ ಎಸ್ ತಂದಾಗ, ಭಾರತವೂ ಸೇರುವುದಾಗಿ ಮೊದಲು ಹೇಳಿ, ಲೇಖಕರ ಶುಲ್ಕದ ಹೊರೆಯನ್ನು ಕಂಡು ಹಿಂದೆ ಸರಿಯಿತು. ಆ ಹಿಂಜರಿಕೆಯಲ್ಲಿ ತಪ್ಪಿಲ್ಲ. ಆದರೆ ಅದೇ ಹೊತ್ತಿನಲ್ಲಿ ಶುಲ್ಕವಿಲ್ಲದ ನಮ್ಮ ಜರ್ನಲ್‌ಗಳಿಗೂ ರೆಪಾಸಿಟರಿಗಳಿಗೂ ಹಣ ಹರಿದಿದ್ದರೆ ಇಂದಿನ ಮಾತು ಬೇರೆಯಾಗಿರುತ್ತಿತ್ತು.

ಉತ್ತರ: ಜಾನಪದ ಸಂಶೋಧಕ, ಗದಗ

ಚರ್ಚೆ ಇಂಗ್ಲಿಷ್ ಜರ್ನಲ್‌ಗಳಲ್ಲೇ ಸುತ್ತುತ್ತಿರುವುದರಿಂದ ಕನ್ನಡದ ಕಡೆಯಿಂದ ಒಂದೆರಡು ಮಾತು. 2009ರ ಯುಜಿಸಿ ನಿಯಮದ ನಂತರ ಪಿಎಚ್‌.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಸಲ್ಲಿಸುವುದು ಕಡ್ಡಾಯವಾಗಿ, ಶೋಧಗಂಗಾ ತಾಣದಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳು ಪುಕ್ಕಟೆಯಾಗಿ ಸಿಗುತ್ತವೆ. ಕನ್ನಡದ ಪ್ರಬಂಧಗಳೂ ಅಲ್ಲಿವೆ. ಆದರೆ ಅವುಗಳಲ್ಲಿ ಅನೇಕವು ಹಾಳೆಗಳನ್ನು ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚಾದವು. ಲಾವಣಿ ಎಂದು ಹುಡುಕಿದರೆ, ಲಾವಣಿಯನ್ನೇ ಕುರಿತ ಇನ್ನೂರು ಪುಟದ ಪ್ರಬಂಧದೊಳಗೂ ಒಂದು ಫಲಿತಾಂಶ ಬರುವುದಿಲ್ಲ. ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಬಂದು ಬೀಳುತ್ತದೆ. ಓದಲು ಸಿಕ್ಕರೂ ಹುಡುಕಿದರೆ ಸಿಗದ ಪ್ರಬಂಧದಿಂದ ಮುಂದಿನ ಸಂಶೋಧಕರಿಗೆ ಎಷ್ಟು ಪ್ರಯೋಜನ? ವಿಶ್ವವಿದ್ಯಾಲಯಗಳು ಯೂನಿಕೋಡ್ ಪ್ರತಿಯನ್ನೇ ಕೊಡಬೇಕೆಂದು ಕಟ್ಟುನಿಟ್ಟು ಮಾಡಿದರೆ ಸಾಕು, ಇದಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಕನ್ನಡದ ಸಂಶೋಧನ ಪತ್ರಿಕೆಗಳ ಕಥೆಯೂ ಹೆಚ್ಚು ಭಿನ್ನವಲ್ಲ. ಅಚ್ಚಾದ ಪ್ರತಿಗಳು ಚಂದಾದಾರರಿಗೆ ಅಂಚೆಯಲ್ಲಿ ಹೋಗುತ್ತವೆ, ಉಳಿದವು ಕಟ್ಟಿನಲ್ಲೇ ಉಳಿಯುತ್ತವೆ. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಜಗತ್ತಿನ ಸಾವಿರಾರು ಸಣ್ಣ ಪತ್ರಿಕೆಗಳು ಅದರಲ್ಲೇ ನಡೆಯುತ್ತಿವೆ. ಅದನ್ನು ನೋಡಿಕೊಳ್ಳಲು ಒಬ್ಬ ಆಸಕ್ತರು ಬೇಕು, ಅಷ್ಟೆ.

ಆದರೂ ಎಲ್ಲವನ್ನೂ ತೆರೆದಿಡಬೇಕೆಂಬ ಮಾತಿಗೆ ನಾನು ಪೂರ್ತಿ ತಲೆದೂಗಲಾರೆ. ಗೀಗೀ ಮೇಳದವರ ಹಾಡುಗಳನ್ನೂ ಸೋಬಾನೆ ಹಾಡುವ ತಾಯಂದಿರ ದನಿಯನ್ನೂ ನಾವು ರೆಕಾರ್ಡ್ ಮಾಡಿಕೊಂಡು ಬರುತ್ತೇವೆ. ಅವನ್ನು ಸಿಸಿ ಬೈ ಪರವಾನಗಿಯಲ್ಲಿ ಹಾಕಿದರೆ, ಹೆಸರು ಹೇಳಿ ಯಾರು ಬೇಕಾದರೂ ಹೇಗೆ ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು. ಹೆಸರು ಹೇಳುವಾಗ ಸಾಮಾನ್ಯವಾಗಿ ಬರುವುದು ಸಂಶೋಧಕರ ಹೆಸರೇ ಹೊರತು ಹಾಡಿದವರದ್ದಲ್ಲ. ನನ್ನ ವಿಶ್ಲೇಷಣೆಯನ್ನು ಯಾರಿಗೆ ಬೇಕಾದರೂ ಕೊಡುತ್ತೇನೆ. ಹಾಡು ನನ್ನದಲ್ಲ, ಆದ್ದರಿಂದ ಹಾಡಿದವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಒಪ್ಪಿಗೆ ಪಡೆಯದೆ ತೆರೆದಿಡಲಾರೆ. ಮೇಡಂ ಅವರು ಕೂಡ ರೈತರ ಖರ್ಚು-ಸಾಲದ ವಿವರಗಳಿರುವ ಕೋಷ್ಟಕಗಳನ್ನು ಲೇಖನದ ಜೊತೆ ಹಾಕುವುದಿದ್ದರೆ, ಹೆಸರು ತೆಗೆದರೂ ಊರು, ಜಮೀನಿನ ವಿಸ್ತೀರ್ಣ ಮತ್ತು ಚೀಲಗಳ ಸಂಖ್ಯೆ ನೋಡಿ ಸಣ್ಣ ಊರಿನಲ್ಲಿ ಇಂಥವರೇ ಎಂದು ಗುರುತು ಹಿಡಿಯುತ್ತಾರೆಂಬುದನ್ನು ಗಮನದಲ್ಲಿಡಬೇಕು.

ಪ್ರಶ್ನೆ ಕೇಳಿದವರು: ಅರ್ಥಶಾಸ್ತ್ರ ಉಪನ್ಯಾಸಕಿ, ಹಾವೇರಿ

ಎಲ್ಲ ಹಿರಿಯರಿಗೂ ಧನ್ಯವಾದಗಳು. ಕೋಷ್ಟಕದ ವಿಷಯ ನನಗೆ ಹೊಳೆದಿರಲಿಲ್ಲ; ಊರಿನ ಬದಲು ತಾಲ್ಲೂಕಿನ ಮಟ್ಟದಲ್ಲಿ ಅಂಕಿಗಳನ್ನು ಕೂಡಿಸಿ ಕೊಡುತ್ತೇನೆ. ಶುಲ್ಕವಿಲ್ಲದ ಜರ್ನಲ್ ಒಂದನ್ನು ಡಿಒಎಜೆಯಲ್ಲಿ ಗುರುತಿಸಿದ್ದೇನೆ, ಅಲ್ಲಿ ಒಪ್ಪದಿದ್ದರೆ ಚಂದಾ ಜರ್ನಲ್‌ಗೆ ಕಳುಹಿಸಿ ನಂತರ ಪ್ರತಿಯನ್ನು ರೆಪಾಸಿಟರಿಯಲ್ಲಿ ಇರಿಸುವೆ. ಒಂದು ಸಂದೇಹ: ಮಾರ್ಗದರ್ಶಕರು ಸಹಲೇಖಕರಾಗಿರುವುದರಿಂದ ಅವರ ಒಪ್ಪಿಗೆ ಬೇಕೆ? ಕನ್ನಡದಲ್ಲಿ ಒಂದು ಸಾರಾಂಶ ಬರೆದು ಎಪಿಎಂಸಿಯವರಿಗೆ ಕೊಟ್ಟರೆ ಜರ್ನಲ್‌ನವರು ಆಕ್ಷೇಪಿಸುತ್ತಾರೆಯೆ?

ಉತ್ತರ: ನಿವೃತ್ತ ಗ್ರಂಥಪಾಲಕ, ಧಾರವಾಡ

ಸಹಲೇಖಕರ ಒಪ್ಪಿಗೆ ಬೇಕು. ಒಂದು ಇ-ಮೇಲ್ ಸಾಕಾಗುತ್ತದೆ, ಅದನ್ನು ತೆಗೆದಿಟ್ಟುಕೊಳ್ಳಿ. ಕನ್ನಡ ಸಾರಾಂಶವನ್ನು ತಮ್ಮದೇ ಮಾತಿನಲ್ಲಿ ಹೊಸದಾಗಿ ಬರೆದರೆ ಸಾಮಾನ್ಯವಾಗಿ ಆಕ್ಷೇಪಣೆ ಬರುವುದಿಲ್ಲ, ಆದರೆ ಇಡೀ ಲೇಖನದ ಅನುವಾದವಾದರೆ ಪ್ರಕಾಶಕರ ಹಕ್ಕುಪತ್ರದ (ಕೃತಿಸ್ವಾಮ್ಯ ಒಪ್ಪಂದದ) ನಿಯಮ ನೋಡಬೇಕು. ಸಾರಾಂಶವನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ ಸರ್ನ್ ಸಂಸ್ಥೆಯ ಜೆನೋಡೊ ತಾಣದಲ್ಲಿ ಹಾಕಿದರೆ ಬರಹವನ್ನು ಕಾಯಂ ಆಗಿ ಗುರುತಿಸುವ ಡಿಒಐ ಸಂಖ್ಯೆಯೂ ಪುಕ್ಕಟೆಯಾಗಿ ದೊರೆಯುತ್ತದೆ. ಹಕ್ಕುಪತ್ರಕ್ಕೆ ಸಹಿ ಹಾಕುವ ಮುನ್ನ, ಒಪ್ಪಿದ ಪ್ರತಿಯನ್ನು ಲೇಖಕರು ಎಲ್ಲಿ, ಎಷ್ಟು ತಿಂಗಳ ನಂತರ ಇಡಬಹುದು ಎಂಬ ಕಲಮನ್ನು ತಾವೇ ಓದಿಕೊಳ್ಳಿ. ಮತ್ತು ಸಂಪಾದಕರ ಒಪ್ಪಿಗೆ ಬಂದ ದಿನವೇ ಆ ವರ್ಡ್ ಕಡತವನ್ನು ದಿನಾಂಕ ಹಾಕಿ ಬೇರೆ ಕಡೆ ಉಳಿಸಿಡಿ, ಪ್ರಕಾಶಕರ ಪಿಡಿಎಫ್ ಕೈಗೆ ಬಂದ ಮೇಲೆ ಹೆಚ್ಚಿನವರು ಅದನ್ನು ಅಳಿಸಿಬಿಡುತ್ತಾರೆ.