10×10 ಡ್ರಾಟ್ಸ್: ಎದುರಾಳಿಯ ರೆಕ್ಕೆ ಕಟ್ಟಿದ ಮೇಲೆ ಕಟ್ಟಿದವನಿಗೇ ನಡೆ ಇಲ್ಲ, ಎಣಿಕೆ ಎಲ್ಲಿ ತಪ್ಪುತ್ತೆ?

ಕಪ್ಪುಮನೆ (ಪ್ರಶ್ನೆ)

ಅಂತರರಾಷ್ಟ್ರೀಯ ಡ್ರಾಟ್ಸ್‌ನಲ್ಲಿ ಕಾಯಿ ಕಟ್ಟಿಹಾಕೋದರ ಬಗ್ಗೆ ಒಂದು ಸ್ಥಿತಿ ಇಟ್ಟುಕೊಂಡು ಕೇಳ್ತಿದ್ದೀನಿ. ಮನೆಗಳ ಸಂಖ್ಯೆ ಮಾಮೂಲಿನಂತೆ: ಕಪ್ಪಿನ ಹಿಂದಿನ ಸಾಲು 1–5, ಬಿಳಿಯ ಹಿಂದಿನ ಸಾಲು 46–50, ಬಿಳಿ ಮೇಲಕ್ಕೆ ಹೋಗುತ್ತೆ. ರೆಕ್ಕೆ ಅಂದರೆ ಹಲಗೆಯ ಒಂದು ಪಕ್ಕ. 15-20 ಅಂದರೆ 15ರಿಂದ 20ಕ್ಕೆ ನಡೆ, 25×14 ಅಂದರೆ 25ರ ಕಾಯಿ ಹೊಡೆದು 14ಕ್ಕೆ ಇಳಿಯೋದು.

ಬಿಳಿ: 25, 27, 31, 32, 37, 46
ಕಪ್ಪು: 6, 11, 15, 16, 21, 26

ಆರಕ್ಕೆ ಆರು. ಕಪ್ಪಿನ 16, 21, 26 ಅಲ್ಲಾಡೋ ಹಾಗಿಲ್ಲ. 15-20 ಆಡಿದರೆ 25×14. ನೋಡೋಕೆ ಬಿಳಿ ಗೆದ್ದ ಹಾಗೇ ಕಾಣುತ್ತೆ. ಆದರೆ ಬಿಳಿ ನಡೆಯ ಸರದಿಯಾದರೆ ನಾಲ್ಕೈದು ನಡೆಯಲ್ಲಿ ಬಿಳಿಯೇ ಕಟ್ಟು ಬಿಚ್ಚಬೇಕಾಗಿ ಬರುತ್ತೆ. ಮೂರು ಪ್ರಶ್ನೆ: ಕಟ್ಟೋಕೆ ಮುಂಚೆ ಏನು ಎಣಿಸಬೇಕು? ಬಿಚ್ಚಲೇಬೇಕು ಅಂದಾಗ ಹೇಗೆ ಬಿಚ್ಚಬೇಕು? ಕಾಯಿ ಜಾಸ್ತಿ ಇರುವಾಗ, ಅಂದರೆ ನಡು ಆಟದಲ್ಲಿ, ಇದೇ ರೆಕ್ಕೆಯನ್ನು ಕಪ್ಪು ಒಡೆಯೋದು ಎಲ್ಲಿಂದ?

ಹುಲಿಕಟ್ಟು

ಮೊದಲು ಬೀಗದ ಅಂಗಾಂಗ ನೋಡೋಣ. 21 ಕೆಳಗಿಳಿಯೋಕೆ 26, 27 ಎರಡೂ ತುಂಬಿವೆ. 27ನ್ನು ಹೊಡೆಯೋಣ ಅಂದರೆ ಹಿಂದೆ 32 ಕೂತಿದೆ. 26ಕ್ಕೆ ಎದುರು 31, ಅದರ ಬೆನ್ನಿಗೆ 37. 16ಕ್ಕೆ ಇರೋದು ಒಂದೇ ದಾರಿ, ಅಲ್ಲಿ ತನ್ನದೇ 21. ಅಂದರೆ ಬಿಳಿಯ ನಾಲ್ಕರಲ್ಲಿ 27 ಮತ್ತು 31 ಬಾಗಿಲು, 32 ಮತ್ತು 37 ಅಗುಳಿ. ಅಗುಳಿ ತೆಗೆದರೆ ಬಾಗಿಲು ನಿಲ್ಲಲ್ಲ: 32-28 ಆಡಿ ನೋಡಿ, 21×23, 27 ಮತ್ತು 28 ಎರಡೂ ಒಂದೇ ಹೊಡೆತಕ್ಕೆ ಹೋದವು.

ಈಗ 6 ಮತ್ತು 11. ಇವು ಹೊರಗೆ ಬರೋಕೆ 17 ಬಿಟ್ಟರೆ ಬೇರೆ ಮನೆ ಇಲ್ಲ, 17ರಿಂದ ಮುಂದೆ 22 ಬಿಟ್ಟರೆ ಬೇರೆ ಇಲ್ಲ, 22ಕ್ಕೆ ಕಾಲಿಟ್ಟರೆ 27×18. ಹಾಗಾಗಿ ಲೆಕ್ಕದಲ್ಲಿ ಬಿಳಿಯ ನಾಲ್ಕು ಕಾಯಿ ಕಪ್ಪಿನ ಐದನ್ನು ಹಿಡಿದಿವೆ. ಲಾಭ ಅದೇ, ಬೀಗದ ಹೊರಗೆ ಬಿಳಿಗೆ ಒಂದು ಕಾಯಿ ಹೆಚ್ಚು.

ತಪ್ಪೋದು ಇಲ್ಲಿ. ಆಡುಹುಲಿಯಲ್ಲಿ ಹುಲಿ ಕಟ್ಟಿಬಿಟ್ಟರೆ ಆಟ ಮುಗೀತು. ಇಲ್ಲಿ ಕಟ್ಟಿದ್ದು ಒಂದು ರೆಕ್ಕೆ ಮಾತ್ರ, ಕಟ್ಟಿದವನೂ ಪ್ರತಿ ಸರದಿಗೆ ಏನಾದರೂ ಆಡಲೇಬೇಕು, ನಡೆ ಇಲ್ಲದಿದ್ದರೆ ಸೋಲು. ಆದ್ದರಿಂದ ಕಾಯಿ ನಷ್ಟವಿಲ್ಲದೆ, ಬೀಗ ಸಡಿಲವಾಗದೆ ಆಡಬಹುದಾದ ನಡೆ ಎರಡೂ ಕಡೆ ಎಷ್ಟಿವೆ ಅಂತ ಬೆರಳು ಮಡಚಿ ಎಣಿಸಿ.

ಕಪ್ಪು: 11-17, 6-11. ಎರಡು.
ಬಿಳಿ: 46-41, 41-36. ಎರಡು. (25-20 ಲೆಕ್ಕಕ್ಕಿಲ್ಲ, 15×24.)

ಸರದಿ ನಿಮ್ಮದಾದರೆ ನಿಮ್ಮ ನಡೆ ಎದುರಾಳಿಗಿಂತ ಕನಿಷ್ಠ ಒಂದು ಜಾಸ್ತಿ ಇರಬೇಕು. ಸರದಿ ಅವರದಾದರೆ ಸಮ ಇದ್ದರೂ ಸಾಕು. ಇದೇ ಸ್ಥಿತಿಯಲ್ಲಿ ಕಪ್ಪಿನ ಸರದಿ ಅಂದುಕೊಳ್ಳಿ: 11-17 46-41, 6-11 41-36, ಕಪ್ಪಿಗೆ ಖಾಲಿ. 17-22 27×18, ಒಂದು ಕಾಯಿ ಹೋಯಿತು, ಮೇಲೆ 18ರ ಬಿಳಿ ಕಾಯಿ 13, 9, 3 ಅಂತ ಮೂರೇ ನಡೆಗೆ ರಾಜ. ಅವಸರದಲ್ಲಿ 18-12 ಆಡಬೇಡಿ. 17ಕ್ಕೆ ಕಪ್ಪು ಬಂದಿದ್ದರೆ 17×8, ಇಲ್ಲಿ ಸಾದಾ ಕಾಯಿಯೂ ಹಿಂದಕ್ಕೆ ಹೊಡೆಯುತ್ತೆ. 8×8 ಚೆಕರ್ಸ್ ಆಡಿ ಬಂದವರು ಎಡವೋದು ಬಹುಪಾಲು ಇದರಲ್ಲೇ.

ಒಂದು ಪಕ್ಕದ ಮಾತು: ಟೆಂಪೊ ಎಣಿಕೆ ಅಂತ ಇನ್ನೊಂದಿದೆ, ಪ್ರತಿ ಕಾಯಿ ಎಷ್ಟನೇ ಸಾಲಿನಲ್ಲಿದೆ ಅಂತ ಕೂಡಿಸೋದು. ಆರಂಭದಲ್ಲಿ ಎರಡೂ ಕಡೆ 5×(1+2+3+4), ಅಂದರೆ 50. ಅದು ಯಾರು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದನ್ನು ಹೇಳುತ್ತೆ ಅಷ್ಟೆ. ಕೈಯಲ್ಲಿ ಉಳಿದ ನಡೆಯನ್ನಲ್ಲ. ಎರಡನ್ನೂ ಕಲಸಿಕೊಂಡರೆ ಬೀಗದ ಸ್ಥಿತಿಯಲ್ಲಿ ಪೂರ್ತಿ ಉಲ್ಟಾ ತೀರ್ಮಾನಕ್ಕೆ ಬರ್ತೀರಿ.

ಐವತ್ತೊಂದು

ಮೇಲಿನ ಎಣಿಕೆ ಸರಿ ಇದೆ. ಕಪ್ಪಿನ ಕಾಯಿ 6ರ ಬದಲು 1ರಲ್ಲೋ 7ರಲ್ಲೋ ಇದ್ದರೆ ಮಾತ್ರ ಎಣಿಸೋದೇ ಬೇಡ, ಅದು 7-12-18 ಅಂತ ನಡುವಿನಿಂದ ಜಾರಿಕೊಳ್ಳುತ್ತೆ. 6 ಅಂಚಿನ ಮನೆ, 11 ಬಿಟ್ಟರೆ ಗತಿಯಿಲ್ಲ. ರೆಕ್ಕೆ ಕಟ್ಟೋಕೆ ಮುಂಚೆ ಎದುರಾಳಿಯ ಹಿಂಬದಿ ಕಾಯಿ 6ಕ್ಕೆ ಬಂದಿದೆಯೋ ಇಲ್ಲವೋ ನೋಡೋದು ಇದಕ್ಕೇ.

ಎರಡನೇ ಪ್ರಶ್ನೆಗೆ ಬರ್ತೀನಿ, ಬಿಳಿಯ ಸರದಿ. 46-41 11-17 41-36 6-11 ಆಯಿತು, ಬಿಳಿಗೆ ಖಾಲಿ. ಬಿಚ್ಚೋ ದಾರಿ ಒಂದೇ: 27-22 17×28 32×23. ಕಾಯಿ ಸಮ, 23ರ ಬಿಳಿ ಕಾಯಿಗೆ ಮುಂದೆ ಬಯಲು. ಕಪ್ಪು 11-17 ಆಡುತ್ತೆ. ಈಗ 23-18 ಆಡಿದರೆ ಆಟ ಹೋಯಿತು:

17-22! 18×27 21×41 36×47 26×37.

21 ಎದ್ದು 27, 37 ಎರಡನ್ನೂ ತಿಂದು 41ಕ್ಕೆ ಇಳಿಯುತ್ತೆ. 36 ಹಿಂದಕ್ಕೆ ಹೊಡೆಯಲೇಬೇಕು. ಅಷ್ಟರಲ್ಲಿ 37 ಖಾಲಿ, 26 ಹಾರಿ 31ನ್ನು ತೆಗೆಯುತ್ತೆ. ಉಳಿದದ್ದು ಬಿಳಿ 25, 47. ಕಪ್ಪು 15, 16, 37. 47-41 ಅಂದರೆ 37×46, 47-42 ಅಂದರೆ 37×48, ಎರಡೂ ಕಡೆ ಹೊಡೆದು ರಾಜ. 25-20 ಅಂದರೆ 15×24. 23-18ರ ಬದಲು 23-19 ಆಡಿದರೆ ಈ ಹೊಡೆತ ಇಲ್ಲ.

ಆದರೆ ನನ್ನ ಪ್ರಕಾರ ತಪ್ಪು 23-18 ಅಲ್ಲ, 41-36. ಆ ನಡೆ 41ನ್ನು ಖಾಲಿ ಮಾಡಿತು, ಹಾಗಾಗಿಯೇ 21ಕ್ಕೆ ಎರಡನೇ ಹಾರಿಕೆ ಸಿಕ್ಕಿದ್ದು. ಎಣಿಕೆಯಲ್ಲಿ ಸಾಲದು ಅಂತ ಮೊದಲೇ ಗೊತ್ತಿದ್ದರೆ ಕೊನೇ ನಡೆವರೆಗೂ ಕಾಯಬಾರದು. 46-41 11-17 ಆದ ಕೂಡಲೇ 27-22 17×28 32×23. ಕಪ್ಪಿನ ಇನ್ನೊಂದು ಕಾಯಿ ಇನ್ನೂ 6ರಲ್ಲೇ ಇದೆ. 23ಕ್ಕೆ ರಾಜ ಆಗೋಕೆ ನಾಲ್ಕು ನಡೆ, ಆ 6ಕ್ಕೆ ಎಂಟು. 41ರ ಕಾಯಿ 37ರ ಬೆನ್ನಿಗೆ ನಿಂತಿದೆ. ಬೀಗ ಹೋಯಿತು, ಆದರೆ ಓಟದಲ್ಲಿ ಬಿಳಿ ದೂರ ಮುಂದಿದೆ.

ಕಪ್ಪುಮನೆ

ಒಂದು ಸಂದೇಹ. 25–15ರ ಜೋಡಿಯನ್ನು ನಾನು ಬಿಳಿಯ ಲಾಭ ಅಂತಲೇ ಎಣಿಸಿದ್ದೆ. 15 ನಿಂತಿದೆ ನಿಜ, ಆದರೆ 25ಕ್ಕೂ ನಡೆ ಇಲ್ಲ. ಒಂದಕ್ಕೆ ಒಂದು ಹಿಡಿದರೆ ಏನು ಬಂತು? ಇನ್ನು ಮೂರನೇ ಪ್ರಶ್ನೆ ಬಾಕಿ ಇದೆ.

ಹುಲಿಕಟ್ಟು

ಒಂದಕ್ಕೊಂದು ಹಿಡಿದರೆ ಏನೂ ಬರಲಿಲ್ಲ, ನೀವು ಹೇಳಿದ್ದೇ ಸರಿ. 25ರ ಬೆಲೆ ಗೊತ್ತಾಗೋದು ಅದು ಮೂರನ್ನು ಹಿಡಿದಾಗ. ಕಪ್ಪು 14, 15, 20ರಲ್ಲಿ ಇದೆ ಅನ್ನಿ. 15ಕ್ಕೆ 20 ಬಿಟ್ಟರೆ ಮನೆ ಇಲ್ಲ. 14 ಕದಲಿದರೆ 25×14. 25 ಅಂಚಿನಲ್ಲಿರೋದರಿಂದ ಅದನ್ನು ಯಾರೂ ಹೊಡೆಯೋ ಹಾಗಿಲ್ಲ. ಒಂದೇ ಕಾಯಿ, ಮೂರು ಕೈದಿ. ಕಪ್ಪಿನ ಕಡೆಯಿಂದ ನೋಡಬೇಕಾದರೆ 51ರಿಂದ ಕಳೆಯಿರಿ: ಕಪ್ಪಿನ 26 ಬಿಳಿಯ 31, 36, 37ನ್ನು ಹಿಡಿಯುತ್ತೆ. ಯಾವ ಸ್ಥಿತಿಯನ್ನಾದರೂ ತಿರುಗಿಸಿ ನೋಡೋಕೆ ಈ 51ರ ಲೆಕ್ಕ ಸಾಕು.

ಬಿಡಿಸಿಕೊಳ್ಳೋದು 20-24ರಿಂದ. ಬಿಳಿಗೆ 29ರಲ್ಲಿ ಕಾಯಿ ಇದ್ದರೆ 29×20 15×24, ಒಂದಕ್ಕೊಂದು, ಗಂಟು ಬಿಚ್ಚಿತು. ಆದರೆ 9 ಖಾಲಿ ಇದ್ದರೆ ಆ 29ರ ಕಾಯಿ 20ಕ್ಕೆ ಬಂದು ನಿಲ್ಲಲ್ಲ, 14ನ್ನೂ ಹೊಡೆದು 9ಕ್ಕೆ ಹೋಗುತ್ತೆ. ಬಿಳಿ ಹೊಡೆಯೋದು 30ರಿಂದಾದರೆ 30×19, ಆಗ 10 ಖಾಲಿ ಇದ್ದರೆ ಮತ್ತೆ 14 ಹೋಗುತ್ತೆ. ಹಾಗಾಗಿ 20-24ಕ್ಕೆ ಮುಂಚೆ 9, 10 ಎರಡೂ ತುಂಬಿರಬೇಕು. ಹೆಚ್ಚಿನವರು 4, 5ರ ಕಾಯಿಗಳನ್ನು ಕೊನೆಯ ಸಾಲಿನ ಕಾವಲಿಗೆ ಅಂತ ಬಿಟ್ಟುಕೊಂಡು ಇಲ್ಲಿ ಸಿಕ್ಕಿಬೀಳ್ತಾರೆ.

ಓರೆಗೆರೆ

ಮೂರನೇ ಪ್ರಶ್ನೆಗೆ ನಾನು. ಡಚ್ಚರ ಲೆಕ್ಕದಲ್ಲಿ 6, 11, 16 ಇರೋ ಈ ಕಡೆ ಕಪ್ಪಿನ ‘ಗಿಡ್ಡ ರೆಕ್ಕೆ’. ನಡು ಆಟದಲ್ಲಿ ಬಿಳಿ 28ರಲ್ಲೂ ಒಂದು ಕಾಯಿ ಇಟ್ಟಿರುತ್ತೆ, 22ಕ್ಕೆ ಎರಡು ಕಡೆಯಿಂದ ಕಾವಲು. ಆಗ 17-22 ನಡೆಯುತ್ತಾ ಇಲ್ಲವಾ ಅನ್ನೋದು 11, 12ರ ಮೇಲೆ ನಿಂತಿದೆ.

12ರಲ್ಲಿ ಕಾಯಿ ಇದ್ದು 11 ಖಾಲಿ: 17-22 28×17, ವಾಪಸ್ ಹೊಡೆಯೋಕೆ ಯಾರೂ ಇಲ್ಲ. 12ರಿಂದ ಹಾರೋಣ ಅಂದರೆ 21 ತುಂಬಿದೆ, 21ರಿಂದ ಹಿಂದಕ್ಕೆ ಹಾರೋಣ ಅಂದರೆ 12 ತುಂಬಿದೆ. ತನ್ನ ಕಾಯಿಯೇ ತನಗೆ ಅಡ್ಡ. 8 ಕೂಡ ಖಾಲಿ ಇದ್ದರೆ ಬಿಳಿ 12ನ್ನೂ ತೆಗೆದುಕೊಂಡು ಹೋಗುತ್ತೆ.

11ರಲ್ಲಿ ಕಾಯಿ ಇದ್ದರೆ: 17-22 28×17 11×22 27×18, ಆಮೇಲೆ 13×22 ಅಥವಾ 12×23. ಎರಡಕ್ಕೆರಡು, ಬೀಗ ಚೂರುಚೂರು. ಇಷ್ಟೇ ವ್ಯತ್ಯಾಸ. 11ನ್ನು ಸುಮ್ಮನೆ ಒಂದು ನಡೆ ಕಳೆಯೋಕೆ ಅಂತ ಕದಲಿಸೋದು ಗಿಡ್ಡ ರೆಕ್ಕೆಯ ಆಟದಲ್ಲಿ ದುಬಾರಿ ತಪ್ಪು.

ನನಗೆ ಇದಕ್ಕಿಂತ ಇಷ್ಟವಾದ ದಾರಿ 18ರಿಂದ. 17, 18 ಎರಡರಲ್ಲೂ ಕಪ್ಪು ಇದ್ದರೆ 18-22 ಆಡಿ. 28ಕ್ಕೆ ಹೊಡೆಯೋ ಹಾಗಿಲ್ಲ, ಇಳಿಯಬೇಕಾದ 17 ತುಂಬಿದೆ. 27×18 ಕಡ್ಡಾಯ. 13×22 ಅಂತ ವಾಪಸ್ ತಗೊಂಡರೆ 27ರ ಬಾಗಿಲೇ ಇಲ್ಲ, 21ಕ್ಕೆ ದಾರಿ ತೆರೆಯಿತು. ಷರತ್ತು ಎರಡು: 13ರ ಹಿಂದೆ 9 ತುಂಬಿರಬೇಕು, 12ರಲ್ಲಿ ಕಾಯಿ ಇದ್ದರೆ ಅದರ ಹಿಂದೆ 7 ತುಂಬಿರಬೇಕು. ಇಲ್ಲವಾದರೆ 27ರ ಕಾಯಿ 18ಕ್ಕೆ ಬಂದು ಅಲ್ಲಿಂದಲೇ ಇನ್ನೊಂದನ್ನು ಎತ್ತುತ್ತೆ.

ಬಿಳಿ ಇದನ್ನು ತಪ್ಪಿಸಬೇಕಾದರೆ ತಾನೇ ಮೊದಲು 28-22 ಆಡಿ 17×28 33×22 ಮಾಡಿಕೊಳ್ಳಬೇಕು. ಈಗ 22ರಲ್ಲೇ ಬಿಳಿ ಕಾಯಿ, ಹಿಂದೆ 27 ಇರೋದರಿಂದ 18ಕ್ಕೆ ಅದನ್ನು ಮುಟ್ಟೋಕಾಗಲ್ಲ. ಇದನ್ನು ಆಡೋ ಮುಂಚೆ ಎರಡು ಮನೆ ನೋಡಿಕೊಳ್ಳಿ.

39: ಖಾಲಿ ಇದ್ದರೆ ಕಪ್ಪು 28ರಲ್ಲಿ ನಿಲ್ಲದೆ 33ನ್ನೂ ಹೊಡೆದು 39ಕ್ಕೆ ಇಳಿಯುತ್ತೆ.

12: ಕಪ್ಪಿನ 18 ಇದ್ದು 12 ಖಾಲಿ ಇದ್ದರೆ ನಿಮಗೆ 33×22 ಆಡೋ ಸ್ವಾತಂತ್ರ್ಯವೇ ಇಲ್ಲ. 32ರಿಂದ ಹೊಡೆದರೆ 28, 18 ಎರಡು ಕಾಯಿ, 12ಕ್ಕೆ ಇಳಿತ. ಹೆಚ್ಚು ಕಾಯಿ ಸಿಗೋ ಹೊಡೆತವೇ ಕಡ್ಡಾಯ ಅನ್ನೋದು ಈ ಆಟದ ನಿಯಮ. ಎರಡು ಕಾಯಿ ಸಿಕ್ಕಿತು ಅಂತ ಖುಷಿ ಬೇಡ, ಅಗುಳಿ 32 ಎದ್ದುಹೋಯಿತು. ಈಗ 21×32, 41 ಖಾಲಿ ಇದ್ದರೆ 37 ಕೂಡ ಸೇರಿ.

ಕಟ್ಟು ಒಡೆಯುವವನ ಕೈಯಲ್ಲಿರೋ ನಿಜವಾದ ಆಯುಧ ಈ ಕಡ್ಡಾಯದ ನಿಯಮ. ಬೀಗ ಕಂಡಾಗೆಲ್ಲ ‘ಅಗುಳಿ ಕಾಯಿಗೆ ಎರಡು ತಿನ್ನಿಸಿ ಜಾಗ ಬಿಡಿಸಬಹುದಾ’ ಅಂತ ಮೊದಲು ಹುಡುಕಿ.

ಐವತ್ತೊಂದು

ಓರೆಗೆರೆಯವರು ಬರೆದದ್ದಕ್ಕೆ ಒಂದು ಸೇರ್ಪಡೆ. 11, 12 ಎರಡೂ ಖಾಲಿ ಇದ್ದಾಗಲೂ 17-22 28×17 ಆದ ಮೇಲೆ 21×12 ಅಂತ ಹಿಂದಕ್ಕೆ ಹೊಡೆಯಬಹುದು. ಕಾಯಿ ಸಮ, 21 ಎದ್ದಿದ್ದರಿಂದ 16ಕ್ಕೂ ನಡೆ ಸಿಗುತ್ತೆ. ಅಂದರೆ 12ರಲ್ಲಿ ಒಂಟಿ ಕಾಯಿ ಇರೋದಕ್ಕಿಂತ ಎರಡೂ ಖಾಲಿ ಇರೋದೇ ವಾಸಿ.

ಕಪ್ಪುಮನೆಯವರೇ, ನಿಮ್ಮ ಸ್ಥಿತಿಯನ್ನು ಲಿಡ್ರಾಟ್ಸ್ ಅನ್ನೋ ಡ್ರಾಟ್ಸ್ ಜಾಲತಾಣದ ಬೋರ್ಡ್ ಎಡಿಟರ್‌ನಲ್ಲಿ ಇಟ್ಟು ಬಿಳಿಯ 46ನ್ನು 41ಕ್ಕೆ, ಆಮೇಲೆ 47ಕ್ಕೆ ಬದಲಿಸಿ ನೋಡಿ. 41 ಅಂದರೆ ಒಂದೇ ನಡೆ, ಕಪ್ಪಿನ ಸರದಿಯಲ್ಲೂ ಸಾಲದು. 47ಕ್ಕೆ 41 ಮಾತ್ರ ಅಲ್ಲ, 42ರ ದಾರಿಯೂ ಇದೆ. ಅಲ್ಲಿಂದ 38, 33 ಅಂತ ನಡುವಿಗೆ ಬರುತ್ತೆ, ಎಣಿಕೆ ಪೂರ್ತಿ ಬೇರೆ. ನಿಮ್ಮ ಸ್ಥಿತಿಯಲ್ಲಿ ಬಿಳಿಯ ಸರದಿಗೆ ಬೇಕಿದ್ದದ್ದು 46 ಅಲ್ಲ, 47.